ಟೆಕ್ಸಾಸಿನ ವಿಡಿಯೊ, ಗುಬ್ಬಿಯ ತೋಟದ ಮನೆ

ರಾತ್ರಿ ಹತ್ತು ದಾಟಿದ ಮೇಲೆ ತೋಟದ ಮನೆಗಳಲ್ಲಿ ಉಳಿಯುವುದು ಎರಡೇ ಬೆಳಕು: ಅಂಗಳದ ಬಲ್ಬು ಮತ್ತು ಕೈಯಲ್ಲಿನ ಮೊಬೈಲು. ಗುಬ್ಬಿಯಿಂದ ಚೇಳೂರಿಗೋ, ಕುಣಿಗಲ್‌ನಿಂದ ಹುಲಿಯೂರುದುರ್ಗಕ್ಕೋ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ತೆಂಗು, ಅಡಿಕೆಯ ಸಾಲುಗಳ ನಡುವೆ ಇಂಥ ಮನೆಗಳು ಬೇಕಾದಷ್ಟಿವೆ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ, ಒಂದು ನಾಯಿ, ಕೊಟ್ಟಿಗೆಯಲ್ಲಿ ಎರಡು ಹಸು.

ಮೊಬೈಲಿನಲ್ಲಿ ಒಂದು ವಿಡಿಯೊ ಓಡುತ್ತಿರುತ್ತದೆ. ಅಮೆರಿಕದ ಯಾವುದೋ ಮನೆ. ಮುಸುಕು ಹಾಕಿದವನೊಬ್ಬ ಬಾಗಿಲು ಒದ್ದು ಒಳಗೆ ಬರುತ್ತಾನೆ. ಮನೆಯವನು ಪಿಸ್ತೂಲು ತೆಗೆದು ಮೂರು ಸಲ ಹಾರಿಸುತ್ತಾನೆ. ದೃಶ್ಯ ಅಲ್ಲಿಗೆ ನಿಂತು, ಕನ್ನಡದ ದನಿಯೊಂದು ಶುರುವಾಗುತ್ತದೆ: ‘ನೋಡಿ ಫ್ರೆಂಡ್ಸ್, ಮನೆಗೆ ನುಗ್ಗಿದವನನ್ನ ಹೊಡೆಯೋದು ನಿಮ್ಮ ಹಕ್ಕು. ಗನ್ ಇಟ್ಕೊಳ್ಳೋದೂ ನಿಮ್ಮ ಹಕ್ಕು.’ ಅದು ಮುಗಿಯುವಷ್ಟರಲ್ಲಿ ಕೆಳಗಿನಿಂದ ಅಂಥದೇ ಇನ್ನೊಂದು ಮೇಲೆ ಬಂದಿರುತ್ತದೆ.

ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಮಾತು ಏಳುತ್ತದೆ. ‘ಅಣ್ಣಾ, ನಾವೂ ಒಂದು ಲೈಸೆನ್ಸ್ ಮಾಡಿಸಿಬಿಡಬೇಕು ಕಣಣ್ಣಾ. ರಾತ್ರಿ ಯಾವನಾದ್ರೂ ಬಂದ್ರೆ ಏನು ಗತಿ?’ ಕೇಳಿದವನ ಭಯ ಸುಳ್ಳಲ್ಲ. ಆದರೆ ಆ ಕನ್ನಡದ ದನಿ ಹೇಳಿದ ಎರಡು ಮಾತುಗಳಲ್ಲಿ ಒಂದು ನಮ್ಮ ಕಾನೂನಿನಲ್ಲಿ ಅರ್ಧ ಮಾತ್ರ ನಿಜ, ಇನ್ನೊಂದು ಪೂರಾ ತಪ್ಪು. ನಮ್ಮಲ್ಲಿ ಜೀವ ಉಳಿಸಿಕೊಳ್ಳುವುದು ಹಕ್ಕು, ಬಂದೂಕು ಇಟ್ಟುಕೊಳ್ಳುವುದು ಅನುಮತಿ. ಈ ವ್ಯತ್ಯಾಸ ಗೊತ್ತಿಲ್ಲದೆ ವಿಡಿಯೊ ನೋಡಿದವರು ತೊಂದರೆಗೆ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು.

ವಿಡಿಯೊದೊಳಗಿನ ದೇಶ

ಬಂದೂಕು, ಆತ್ಮರಕ್ಷಣೆ, ದಿನದ ಸುದ್ದಿ ಮೂರನ್ನೂ ಬೆರೆಸಿ ಮಾತಾಡುವ ವಿಡಿಯೊ ಅಮೆರಿಕದಲ್ಲಿ ದೊಡ್ಡ ಉದ್ಯಮ. ಕೋಲಿಯನ್ ನುವಾರ್ ಎಂಬ ಹೆಸರಿನಲ್ಲಿ ಪ್ರಸಿದ್ಧರಾದ ಟೆಕ್ಸಾಸಿನ ವಕೀಲರು ಬಂದೂಕು ಹಕ್ಕಿನ ಪರ ವಾದಿಸಿಯೇ ಲಕ್ಷಾಂತರ ವೀಕ್ಷಕರನ್ನು ಗಳಿಸಿದವರು. ‘ಆ್ಯಕ್ಟಿವ್ ಸೆಲ್ಫ್ ಪ್ರೊಟೆಕ್ಷನ್’ ಎಂಬ ಚಾನೆಲ್ ಬೇರೆ ಬೇರೆ ದೇಶಗಳ ಸಿಸಿಟಿವಿ ದೃಶ್ಯಗಳನ್ನು ತೋರಿಸಿ, ಸಿಕ್ಕಿಬಿದ್ದವನು ಏನು ಮಾಡಬೇಕಿತ್ತು ಎಂದು ವಿವರಿಸುತ್ತದೆ. ಅವರು ಮಾತಾಡುವುದು ಅವರ ಕಾನೂನಿನ ಬಗ್ಗೆ. ಅದರಲ್ಲಿ ತಪ್ಪೇನೂ ಇಲ್ಲ. ಆ ದೃಶ್ಯಗಳನ್ನು ಕತ್ತರಿಸಿ, ಮೇಲೆ ಕನ್ನಡದ ವಿವರಣೆ ಅಂಟಿಸಿ ಹಂಚುವಾಗ ಕಾನೂನೂ ಜೊತೆಯಲ್ಲೇ ಬಂದುಬಿಡುತ್ತದೆ. ತೊಡಕು ಅಲ್ಲಿರುವುದು.

ಆ ಕಾನೂನಿನ ಬೇರು ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿ, 1791ರದು. ಮನೆಯಲ್ಲಿ ರಕ್ಷಣೆಗಾಗಿ ಕೈಬಂದೂಕು ಇಟ್ಟುಕೊಳ್ಳುವುದು ಪ್ರತಿಯೊಬ್ಬ ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. 2022ರಲ್ಲಿ ಮನೆಯ ಹೊರಗೆ ಒಯ್ಯುವುದಕ್ಕೂ ಅದನ್ನು ವಿಸ್ತರಿಸಿತು. ಇದರ ಮೇಲೆ ಒಂದೊಂದು ರಾಜ್ಯದ್ದು ಒಂದೊಂದು ಕಾಯ್ದೆ. ಫ್ಲಾರಿಡಾ 2005ರಲ್ಲಿ ಮಾಡಿದ ಕಾಯ್ದೆಯಂತೆ, ಇರಲು ಹಕ್ಕಿರುವ ಜಾಗದಲ್ಲಿ ನಿಂತವನು ಹಿಂದೆ ಸರಿಯಬೇಕಿಲ್ಲ, ಪ್ರಾಣಭಯವಿದ್ದರೆ ಅಲ್ಲೇ ಎದುರಿಸಬಹುದು. ಟೆಕ್ಸಾಸ್ ಇನ್ನೂ ಮುಂದೆ ಹೋಗಿ, ರಾತ್ರಿ ಹೊತ್ತಿನ ಕಳ್ಳತನ ತಡೆಯಲು ಕೆಲವು ಷರತ್ತುಗಳ ಮೇಲೆ ಕೊಲ್ಲುವಷ್ಟು ಬಲವನ್ನೂ ಒಪ್ಪುತ್ತದೆ. ಬರೀ ಕಳ್ಳತನಕ್ಕೆ! ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಪಂಪ್‌ಸೆಟ್ ಕೇಬಲ್ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಅಂಕಿಗಳೂ ಎರಡು ಬೇರೆ ಲೋಕಗಳನ್ನೇ ತೋರಿಸುತ್ತವೆ. ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದಲ್ಲಿ ನೂರು ಜನರಿಗೆ 120ಕ್ಕೂ ಹೆಚ್ಚು ಬಂದೂಕುಗಳಿವೆ. ಭಾರತದಲ್ಲಿ ಲೈಸೆನ್ಸ್ ಇಲ್ಲದವನ್ನೂ ಸೇರಿಸಿ ನೂರಕ್ಕೆ ಸುಮಾರು ಐದು. ಕೇಂದ್ರ ಗೃಹ ಸಚಿವಾಲಯದ ಲೆಕ್ಕದಲ್ಲಿ 2016ರ ಕೊನೆಗೆ ದೇಶದಲ್ಲಿದ್ದ ಲೈಸೆನ್ಸುಗಳು 33.69 ಲಕ್ಷ. ಉತ್ತರ ಪ್ರದೇಶವೊಂದರಲ್ಲೇ 12.77 ಲಕ್ಷವಿದ್ದರೆ ಕರ್ನಾಟಕದಲ್ಲಿ 1.13 ಲಕ್ಷ.

ಮಂಗಳೂರಿನ ಕಾಮತರು ಕೇಳಿದ ಹಕ್ಕು

ನಮ್ಮಲ್ಲಿ ಯಾಕೆ ಹಕ್ಕಾಗಲಿಲ್ಲ? ಇದಕ್ಕೊಂದು ಕತೆಯಿದೆ, ಅದರಲ್ಲಿ ಕನ್ನಡನಾಡಿನವರೂ ಇದ್ದಾರೆ.

1857ರ ದಂಗೆಯ ನೆನಪು ಆರುವ ಮೊದಲೇ, 1878ರಲ್ಲಿ, ಲಾರ್ಡ್ ಲಿಟ್ಟನ್ ಕಾಲದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯ ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ಬೇಡ. ಈ ಅವಮಾನ ಸ್ವಾತಂತ್ರ್ಯ ಹೋರಾಟಗಾರರಿಗೆ ಬಹಳ ಕಾಲ ಚುಚ್ಚುತ್ತಿತ್ತು. ಅಮೆರಿಕದ ಬಂದೂಕು ವಿಡಿಯೊಗಳಲ್ಲಿ ಗಾಂಧೀಜಿಯ ಮಾತೊಂದು ಆಗಾಗ ಕಾಣಿಸಿಕೊಳ್ಳುವುದು ಇದೇ ಕಾಯ್ದೆಯ ಬಗ್ಗೆ. ಇಡೀ ಜನಾಂಗದ ಕೈಯಿಂದ ಆಯುಧ ಕಸಿದದ್ದನ್ನು ಅವರು ಬ್ರಿಟಿಷರ ಅತ್ಯಂತ ಕೆಟ್ಟ ಕೆಲಸಗಳಲ್ಲಿ ಸೇರಿಸಿದ್ದು ನಿಜ. ಆದರೆ ಅದನ್ನು ಹೇಳಿದ್ದು ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಖೇಡಾ ಜಿಲ್ಲೆಯ ಜನ ಸೈನ್ಯಕ್ಕೆ ಸೇರಲಿ ಎಂದು ಹಂಚಿದ ಕರಪತ್ರದಲ್ಲಿ. ಮನೆ ಕಾಯಲು ಪಿಸ್ತೂಲು ಬೇಕೆಂಬ ವಾದಕ್ಕೆ ಅದನ್ನು ಸಾಕ್ಷಿ ಕರೆದರೆ ಗಾಂಧೀಜಿಗೇ ಆಶ್ಚರ್ಯವಾದೀತು.

1931ರ ಕರಾಚಿ ಕಾಂಗ್ರೆಸ್ ಅಧಿವೇಶನ ಒಪ್ಪಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಹೀಗಾಗಿ 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಹರಿ ವಿಷ್ಣು ಕಾಮತ್ ಎದ್ದು ನಿಂತು, ಅಂದಿನ ಮಾತು ಎಲ್ಲಿ ಹೋಯಿತು ಎಂದು ಕೇಳಿದ್ದರಲ್ಲಿ ಅರ್ಥವಿತ್ತು. ಕಾಮತರು ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಬಿಟ್ಟು ಸುಭಾಷರ ಜೊತೆ ಸೇರಿದವರು. ಸಭೆಯಲ್ಲಿ ಪ್ರತಿನಿಧಿಸಿದ್ದು ಮಧ್ಯಪ್ರಾಂತ್ಯವನ್ನು. ಅವರ ತಿದ್ದುಪಡಿಗೆ ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲ ಪ್ರಜೆಗಳಿಗೂ ಮೂಲಭೂತ ಹಕ್ಕು ಎಂದು ಬರೆದುಬಿಟ್ಟರೆ ಡಕಾಯಿತಿಯೇ ಕಸುಬಾದವನ ಕೈಯಿಂದ ಆಯುಧ ಕಿತ್ತುಕೊಳ್ಳುವುದು ಹೇಗೆ ಎಂಬುದು ಅವರ ಉತ್ತರದ ತಿರುಳು. ತಿದ್ದುಪಡಿ ಬಿದ್ದುಹೋಯಿತು.

ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಶಸ್ತ್ರಾಸ್ತ್ರ ಕಾಯ್ದೆ ಮಾಡಿತು. 1962ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಅದರ ಮೂರನೇ ಸೆಕ್ಷನ್ ಲೈಸೆನ್ಸ್ ಇಲ್ಲದೆ ಬಂದೂಕು ಇಲ್ಲ ಎನ್ನುತ್ತದೆ. 2023ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದು ಬಂದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಇದನ್ನೇ ಮತ್ತೆ ನೆನಪಿಸಿತು: ಅಮೆರಿಕದಂತೆ ಇಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ.

ಡಿ.ಸಿ. ಆಫೀಸಿನ ದಾರಿ

ಬೆಂಗಳೂರು, ಮೈಸೂರಿನಂಥ ಕಮಿಷನರೇಟ್ ನಗರಗಳಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್. ತುಮಕೂರಿನಲ್ಲಿ ಕಮಿಷನರೇಟ್ ಇಲ್ಲ. ನಗರದವರಿರಲಿ, ಗುಬ್ಬಿ, ಕುಣಿಗಲ್ಲಿನವರಿರಲಿ, ಅರ್ಜಿ ಕೊನೆಗೆ ತಲುಪುವುದು ಜಿಲ್ಲಾ ಮ್ಯಾಜಿಸ್ಟ್ರೇಟ್ ಆಗಿರುವ ಜಿಲ್ಲಾಧಿಕಾರಿಯ ಮೇಜಿಗೆ.

ಅರ್ಜಿಯ ಜೊತೆ ಗುರುತು, ವಿಳಾಸದ ದಾಖಲೆ, ದೇಹ ಮನಸ್ಸು ಎರಡೂ ಸರಿಯಿದೆ ಎನ್ನುವ ವೈದ್ಯರ ಪ್ರಮಾಣಪತ್ರ, ಬಂದೂಕು ಬಳಸುವ ತರಬೇತಿ ಪಡೆದಿದ್ದಕ್ಕೆ ಪತ್ರ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ. ಬೆಳೆ ಕಾಯಲು ಕೇಳುವವರು ಪಹಣಿ ಜೋಡಿಸುತ್ತಾರೆ. ಆಮೇಲೆ ಫೈಲು ಠಾಣೆಗೆ ಇಳಿಯುತ್ತದೆ. ಹಳೆಯ ಕೇಸು ಇದೆಯೇ, ಪಕ್ಕದವರೊಡನೆ ಜಮೀನಿನ ವ್ಯಾಜ್ಯ ಇದೆಯೇ, ಕುಡಿತದ ಗಲಾಟೆ ಇದೆಯೇ ಎಂದು ಪೊಲೀಸರು ನೋಡುತ್ತಾರೆ. 2016ರ ನಿಯಮಗಳ ಪ್ರಕಾರ ಪೊಲೀಸ್ ವರದಿ 30 ದಿನದಲ್ಲಿ ಬರಬೇಕು, ಅದರ ಮೇಲೆ 60 ದಿನದಲ್ಲಿ ತೀರ್ಮಾನ ಆಗಬೇಕು. ಕಚೇರಿ ಮೆಟ್ಟಿಲು ಹತ್ತಿದವರು ಈ ಸಾಲನ್ನು ಓದಿ ನಕ್ಕರೆ ತಪ್ಪು ತಿಳಿಯಬಾರದು. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ವಿಡಿಯೊ ನೋಡುವವರಿಗೆ ಹೆಚ್ಚು ಗೊತ್ತಿಲ್ಲದ ಸಂಗತಿ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿದೆ. ರಕ್ಷಣೆಗೆ ಅಥವಾ ಕ್ರೀಡೆಗೆ ಎಂದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬಂದೂಕು, ಅಂದರೆ ನಾವು ಸಿಂಗಲ್ ಬ್ಯಾರಲ್, ಡಬಲ್ ಬ್ಯಾರಲ್ ಎನ್ನುವ ಉದ್ದನೆಯದು. ಬೆಳೆ ಕಾಯಲು ಎಂದರೆ ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆಯದು.

ಮದ್ದು ತುಂಬುವ ಬಂದೂಕನ್ನು ನೋಡದವರಿಗೆ ಹೇಳುವುದಾದರೆ, ಅದೊಂದು ಸಾವಧಾನದ ಸಾಧನ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಅಳತೆಯ ಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರನ್ನೋ ಬಟ್ಟೆಯ ಚೂರನ್ನೋ ತುರುಕಿ ಕಡ್ಡಿಯಿಂದ ಜಡಿಯಬೇಕು. ಸೀಸದ ಚರೆ ಹಾಕಿ, ಅದು ಉದುರದಂತೆ ಮತ್ತೊಮ್ಮೆ ನಾರು ಜಡಿಯಬೇಕು. ಆಮೇಲೆ ಕುದುರೆ ಎತ್ತಿ ಕೇಪು ಕೂರಿಸಬೇಕು. ಮಳೆಯಲ್ಲಿ ಮದ್ದು ಹಸಿಯಾದರೆ ಇಷ್ಟೂ ಕೆಲಸ ವ್ಯರ್ಥ. ಹಾರಿದರೂ ಒಂದೇ ಸಲ, ಮತ್ತೆ ಮೊದಲಿನಿಂದ. ರಾಗಿ ಹೊಲಕ್ಕೆ ಇಳಿದ ಹಂದಿ ಹಿಂಡನ್ನು ಸದ್ದಿನಿಂದ ಚದುರಿಸಲು ಇದು ಸಾಕು. ವಿಡಿಯೊದಲ್ಲಿ ಕಂಡ ಆ ಮೂರು ಗುಂಡುಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ.

2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಅಜ್ಜನ ಕಾಲದ್ದು, ಅಟ್ಟದ ಮೇಲೆ ಇತ್ತು ಎಂದರೆ ಕೇಳುವವರಿಲ್ಲ.

ಏರ್‌ಗನ್ ವಿಚಾರದಲ್ಲೂ ಗೊಂದಲವಿದೆ. 4.5 ಮಿ.ಮೀ. ನಳಿಗೆಯ, 20 ಜೌಲ್ ಮೀರದ ಶಕ್ತಿಯದಕ್ಕೆ ಲೈಸೆನ್ಸ್ ಬೇಡ ನಿಜ. ಅದರಿಂದ ನವಿಲು ಹೊಡೆದರೆ ಮಾತ್ರ ವನ್ಯಜೀವಿ ಕಾಯ್ದೆ ಬಂದೂಕಿಗೂ ಏರ್‌ಗನ್ನಿಗೂ ಭೇದ ಮಾಡುವುದಿಲ್ಲ.

ಚಿರತೆಯ ಆ ದಿನಗಳು

ಈ ಭಾಗದಲ್ಲಿ ಆತ್ಮರಕ್ಷಣೆ ಎಂದರೆ ಕಳ್ಳನಿಗಿಂತ ಮೊದಲು ನೆನಪಾಗುವುದು ಚಿರತೆ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಹೆಬ್ಬೂರು ಸುತ್ತಿನ ಹಳ್ಳಿಗಳು ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದವು. ಹಸು ಮೇಯಿಸಲು ಹೋದವರು, ಮನೆಯ ಹತ್ತಿರ ಆಡುತ್ತಿದ್ದ ಮಕ್ಕಳು ಚಿರತೆಗೆ ಬಲಿಯಾದರು. ಗುಬ್ಬಿ ತಾಲ್ಲೂಕಿನ ಮಣಿಕುಪ್ಪೆ, ಹೆಬ್ಬೂರು ಕಡೆಯ ಬೈಚೇನಹಳ್ಳಿ ಇವೆಲ್ಲ ಪತ್ರಿಕೆಗಳ ಮೊದಲ ಪುಟಕ್ಕೆ ಬಂದದ್ದು ಆಗ. ಅರಣ್ಯ ಇಲಾಖೆ ಬೋನು ಇಟ್ಟಿತು, ಕ್ಯಾಮೆರಾ ಕಟ್ಟಿತು. ಸಿಟ್ಟೆದ್ದ ಜನ ರಸ್ತೆಗಿಳಿದರು. ಗುಂಡಿಕ್ಕುವ ಮಾತೂ ಎದ್ದಿತು.

ಗುಂಡಿಕ್ಕುವ ತೀರ್ಮಾನ ಯಾರದು ಎಂಬುದನ್ನು ಬಹಳ ಜನ ಆಗಲೇ ಕೇಳಿ ತಿಳಿದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಚಿರತೆಯಂಥ ಮೊದಲ ಪಟ್ಟಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯ ಎಂದು ಖಾತ್ರಿಯಾದರೆ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಬರಹದಲ್ಲಿ ಕಾರಣ ನೀಡಿ ಅನುಮತಿ ಕೊಡಬೇಕು. ಹಿಡಿಯಲು, ಮದ್ದು ಕೊಟ್ಟು ಮಲಗಿಸಲು, ಬೇರೆಡೆಗೆ ಸಾಗಿಸಲು ಆಗುವುದಿಲ್ಲ ಎಂದ ಮೇಲೆ ಕೊಲ್ಲುವ ಮಾತು. ಲೈಸೆನ್ಸ್ ಬಂದೂಕಿದ್ದ ರೈತ ತಾನೇ ಬೇಟೆಗೆ ಹೊರಡುವಂತಿಲ್ಲ.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಸಾಲಿದೆ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಯಾವುದೇ ಕಾಡುಪ್ರಾಣಿಯನ್ನು ಕೊಂದರೂ, ಗಾಯಗೊಳಿಸಿದರೂ ಅಪರಾಧವಲ್ಲ. ಮೈಮೇಲೆ ಎಗರಿದ ಚಿರತೆಗೆ ಮಚ್ಚು ಬೀಸಿದವನು ಅಪರಾಧಿಯಲ್ಲ. ಅವನು ಆ ಹೊತ್ತಿನಲ್ಲಿ ಕಾಯ್ದೆ ಮುರಿಯುವ ಕೆಲಸದಲ್ಲಿ, ಉದಾಹರಣೆಗೆ ಕಳ್ಳಬೇಟೆಯಲ್ಲಿ, ಇರಬಾರದು ಅಷ್ಟೆ. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಉಗುರು ಕಿತ್ತಿಟ್ಟುಕೊಂಡರೆ ಅದು ಹೊಸ ಕೇಸು.

ಬಂದೂಕು ಅನುಮತಿ, ರಕ್ಷಣೆ ಹಕ್ಕು ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಜಿಲ್ಲೆಗೆ ಬೇಡ.

ಕೇಬಲ್ ಕಳ್ಳನಿಗೆ ಗುಂಡು ಹೊಡೆಯಬಹುದೆ?

ಈಗ ಮನುಷ್ಯರ ವಿಚಾರ. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ. ಅದರ 34ರಿಂದ 44ರವರೆಗಿನ ಸೆಕ್ಷನ್‌ಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ವಕೀಲರ ಬಾಯಲ್ಲಿ ಇವು 96ರಿಂದ 106. ಸಂಖ್ಯೆ ಬದಲಾಯಿತು, ಹುರುಳು ಹೆಚ್ಚು ಕಡಿಮೆ ಹಾಗೇ ಉಳಿದಿದೆ.

ಹಕ್ಕು ದೊಡ್ಡದೇ. ನಿಮ್ಮ ದೇಹ, ಇನ್ನೊಬ್ಬರ ದೇಹ, ನಿಮ್ಮ ಆಸ್ತಿ, ಇನ್ನೊಬ್ಬರ ಆಸ್ತಿ ಎಲ್ಲವನ್ನೂ ಕಾಯಬಹುದು. ಎದುರಿನವನ ಸಾವಿನವರೆಗೂ ಈ ಹಕ್ಕು ಹೋಗುವ ಸಂದರ್ಭಗಳನ್ನು 38ನೇ ಸೆಕ್ಷನ್ ಪಟ್ಟಿ ಮಾಡಿದೆ: ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ನಿಜವಾದ ಭಯ, ಅತ್ಯಾಚಾರ, ಅಸಹಜ ಲೈಂಗಿಕ ಹಲ್ಲೆ, ಅಪಹರಣ, ಬಿಡಿಸಿಕೊಳ್ಳಲು ದಾರಿಯಿಲ್ಲದಂತೆ ಕೂಡಿಹಾಕುವುದು, ಆ್ಯಸಿಡ್ ದಾಳಿ. ಆಸ್ತಿಯ ವಿಚಾರಕ್ಕೆ 41ನೇ ಸೆಕ್ಷನ್: ದರೋಡೆ, ಸೂರ್ಯ ಮುಳುಗಿದ ಮೇಲೆ ಮತ್ತು ಹುಟ್ಟುವ ಮುಂಚೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ಜೊತೆಗೆ ಜೀವಭಯ ಹುಟ್ಟಿಸುವಂಥ ಕಳ್ಳತನ ಅಥವಾ ಅತಿಕ್ರಮ ಪ್ರವೇಶ.

ಈಗ ಕೇಬಲ್. ನಡುರಾತ್ರಿ ಬೋರ್‌ವೆಲ್ ಹತ್ತಿರ ಸದ್ದಾಗುತ್ತದೆ. ತಾಮ್ರದ ಆಸೆಗೆ ಇಬ್ಬರು ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸುತ್ತಿದ್ದಾರೆ. ಕೈಯಲ್ಲಿ ಕಟಿಂಗ್ ಪ್ಲೇಯರ್ ಬಿಟ್ಟರೆ ಬೇರೇನಿಲ್ಲ. ಬ್ಯಾಟರಿ ಬೆಳಕು ಬಿದ್ದೊಡನೆ ಓಡುತ್ತಾರೆ. ಮನೆಯವನ ಕೈಯಲ್ಲಿ ಲೈಸೆನ್ಸ್ ಬಂದೂಕಿದೆ. ಟೆಕ್ಸಾಸಿನಲ್ಲಾದರೆ ವಕೀಲರು ವಾದಕ್ಕೆ ನಿಲ್ಲಬಹುದಾದ ಪ್ರಕರಣ ಇದು. ಇಲ್ಲಿ ಬೆನ್ನಟ್ಟಬಹುದು, ಹಿಡಿಯಬಹುದು, ಬಿಡಿಸಿಕೊಳ್ಳಲು ಬಂದರೆ ಎದುರಿಸಬಹುದು, ಕೇಬಲ್ ಕಸಿದುಕೊಳ್ಳಬಹುದು. ಓಡುವವನ ಬೆನ್ನಿಗೆ ಗುಂಡು ಹಾರಿಸಿ ಅವನು ಸತ್ತರೆ, ಮನೆಯವನು ಕೊಲೆ ಅಥವಾ ಕೊಲೆಯಲ್ಲದ ನರಹತ್ಯೆಯ ಆರೋಪಿ. ಬರೀ ಕಳ್ಳತನ ಸಾವಿನ ಹಕ್ಕನ್ನು ತರುವುದಿಲ್ಲ.

ಅದೇ ಇಬ್ಬರು ಮನೆಯ ಹಿಂಬಾಗಿಲು ಮೀಟಿ, ಮಚ್ಚು ಹಿಡಿದು ಅಡುಗೆಮನೆಗೆ ಬಂದಿದ್ದರೆ ಲೆಕ್ಕವೇ ಬೇರೆ. ಆದರೂ 37ನೇ ಸೆಕ್ಷನ್ನಿನ ಲಗಾಮು ಇದ್ದೇ ಇದೆ: ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದು, ಪೊಲೀಸರ ನೆರವು ಪಡೆಯುವಷ್ಟು ಸಮಯವಿದ್ದರೆ ಈ ಹಕ್ಕು ಸಿಗುವುದಿಲ್ಲ.

ಇದನ್ನು ಓದಿ, ಕಾನೂನು ಕಳ್ಳನ ಪರ ಎಂದು ಮುನಿಸಿಕೊಳ್ಳುವವರಿಗೆ 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ತೋರಿಸಬೇಕು. ದಾಳಿಗೆ ಒಳಗಾದವನು ಹೇಡಿಯಂತೆ ಓಡಬೇಕು ಎಂದು ಕಾನೂನು ಬಯಸುವುದಿಲ್ಲ, ಆ ಗಾಬರಿಯ ಹೊತ್ತಿನಲ್ಲಿ ಅವನು ಎಷ್ಟು ಬಲ ಬಳಸಿದ ಎಂಬುದನ್ನು ಬಂಗಾರದ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಅದರ ಸಾರ. ಅಂದರೆ ನ್ಯಾಯಾಲಯ ನೋಡುವುದು ಆ ಕ್ಷಣದಲ್ಲಿ ಅವನಿಗೆ ಕಂಡದ್ದನ್ನು, ಮಾರನೆಯ ದಿನ ನಮಗೆ ಹೊಳೆಯುವುದನ್ನಲ್ಲ. ಅಪಾಯ ಮುಗಿದ ಮೇಲೆ ಹೊಡೆದರೆ ಮಾತ್ರ ಅದು ರಕ್ಷಣೆಯಲ್ಲ, ಸೇಡು.

ಇನ್ನೊಂದು ಕೆಟ್ಟ ರೂಢಿಯ ಬಗ್ಗೆ ಯಾವ ವಿಡಿಯೊವೂ ಎಚ್ಚರಿಸಿದ್ದು ನಾನು ನೋಡಿಲ್ಲ. ಹಂದಿಗೆಂದೋ ಕಳ್ಳರಿಗೆಂದೋ ಬೇಲಿಗೆ ನೇರ ಕರೆಂಟು ಕೊಡುವುದು. ಬಿಹಾರದ ಒಬ್ಬಾತ ಪಕ್ಕದ ಮನೆಯವರು ತನ್ನ ಪಾಯಿಖಾನೆಗೆ ಬರದಿರಲೆಂದು ದಾರಿಗೆ ವಿದ್ಯುತ್ ತಂತಿ ಎಳೆದಿದ್ದ, ಹೆಂಗಸೊಬ್ಬಳು ಸತ್ತಳು. ಅತಿಕ್ರಮ ಪ್ರವೇಶ ಮಾಡಿದ್ದು ಅವಳೇ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1963ರಲ್ಲೇ ತಳ್ಳಿಹಾಕಿ ಅವನ ಶಿಕ್ಷೆ ಎತ್ತಿಹಿಡಿಯಿತು. ಅರವತ್ತು ವರ್ಷ ದಾಟಿದರೂ ರಾಗಿ, ಕಡಲೆಕಾಯಿ ಕಾಲದಲ್ಲಿ ತಂತಿ ತುಳಿದು ಸತ್ತವರ ಸುದ್ದಿ ನಿಂತಿಲ್ಲ. ಬಹುಪಾಲು ಸಲ ಸಾಯುವುದು ಕಳ್ಳನಲ್ಲ, ನೀರು ಬಿಡಲು ಹೋದ ಪಕ್ಕದ ಹೊಲದವನು.

ಕೊಡಗಿಗೆ ಇದೆಯಲ್ಲ!

ಚರ್ಚೆ ಇಲ್ಲಿಗೆ ಬಂದರೆ ಯಾರಾದರೊಬ್ಬರು ಕೊಡಗಿನ ಮಾತು ತೆಗೆದೇ ತೆಗೆಯುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ ಮಾಡುವ ಪರಂಪರೆ, ಅವರ ಸೈನಿಕ ಹಿನ್ನೆಲೆ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬಂದವು. ಆದರೆ ಅದೂ ಅವಧಿಗೊಮ್ಮೆ ನವೀಕರಿಸಬೇಕಾದ ಸರ್ಕಾರಿ ಅಧಿಸೂಚನೆಯೇ.

ರೀಲ್ಸು, ಮದುವೆ, ಮತದಾನ

2025ರ ಜನವರಿ 16ರಂದು ಬೀದರಿನಲ್ಲಿ ಹಾಡಹಗಲೇ ಎಟಿಎಂ ಹಣದ ವಾಹನದವರ ಮೇಲೆ ಗುಂಡು ಹಾರಿಸಿ ಪೆಟ್ಟಿಗೆ ಹೊತ್ತೊಯ್ದರು. ಮರುದಿನವೇ ಮಂಗಳೂರು ಬಳಿಯ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ಆಯುಧ ಹಿಡಿದವರು ನುಗ್ಗಿದರು. ಆ ವಾರವಿಡೀ ಮೊಬೈಲುಗಳಲ್ಲಿ ಅವೇ ದೃಶ್ಯ. ಇಂಥ ಸುದ್ದಿ ಬಂದಾಗಲೆಲ್ಲ ವ್ಯಾಖ್ಯಾನಕಾರರಿಗೆ ಒಂದು ಸಿದ್ಧ ವಾಕ್ಯ ಸಿಗುತ್ತದೆ: ‘ಜನರ ಹತ್ರ ಗನ್ ಇದ್ದಿದ್ರೆ ಹೀಗಾಗ್ತಿತ್ತಾ?’ ದೃಶ್ಯ ಕೆಲವು ಸೆಕೆಂಡಿನದು. ತುಂಬಿದ ರಸ್ತೆಯಲ್ಲಿ ಇನ್ನೂ ನಾಲ್ಕು ಜನ ಗುಂಡು ಹಾರಿಸಿದ್ದರೆ ಯಾರಿಗೆ ತಾಗುತ್ತಿತ್ತು ಎಂಬ ಪ್ರಶ್ನೆಗೆ ಅಷ್ಟು ಹೊತ್ತು ಸಾಲದು. ಎಂ.ಎಂ. ಕಲಬುರ್ಗಿ ಮತ್ತು ಗೌರಿ ಲಂಕೇಶ್ ಅವರನ್ನು ಕೊಂದದ್ದು ಲೈಸೆನ್ಸಿನ ಗೊಡವೆಯೇ ಇಲ್ಲದ ನಾಡ ಪಿಸ್ತೂಲು ಎಂಬುದನ್ನೂ ಅವರು ನೆನಪಿಸುವುದಿಲ್ಲ. ಕಳ್ಳ ಆಯುಧವೇ ನಮ್ಮ ದೊಡ್ಡ ತಲೆನೋವು.

ವಿಡಿಯೊ ನೋಡುವುದರಿಂದ ಒಂದು ಹೆಜ್ಜೆ ಮುಂದೆ ವಿಡಿಯೊ ಮಾಡುವುದು. ಮಾವನ ಡಬಲ್ ಬ್ಯಾರಲ್ ಹಿಡಿದು, ಹಿಂದೆ ಸಿನಿಮಾ ಡೈಲಾಗ್ ಹಾಕಿ ರೀಲ್ಸ್ ಮಾಡಿದ ಹುಡುಗನಿಂದ ಮಾವನ ಲೈಸೆನ್ಸಿಗೆ ಕುತ್ತು ಬರಬಹುದು. ಸಾರ್ವಜನಿಕ ಜಾಗದಲ್ಲಿ, ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ 2016ರ ನಿಯಮಗಳ ಪ್ರಕಾರ ಬಂದೂಕು ಝಳಪಿಸಿದರೂ ಲೈಸೆನ್ಸ್ ರದ್ದಾಗಬಹುದು, ಆಯುಧ ಜಪ್ತಿಯಾಗಬಹುದು. ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯೂಟ್ಯೂಬ್ ಕೂಡ 2018ರಲ್ಲಿ ಬಂದೂಕು ಮಾರಾಟದ ಮತ್ತು ತಯಾರಿಕೆಯ ವಿಡಿಯೊಗಳಿಗೆ, 2024ರಲ್ಲಿ ಹದಿನೆಂಟು ತುಂಬದವರು ನೋಡಬಾರದಂಥ ಬಂದೂಕಿನ ದೃಶ್ಯಗಳಿಗೆ ನಿರ್ಬಂಧ ಬಿಗಿ ಮಾಡಿತು. ವ್ಯಾಖ್ಯಾನದ ವಿಡಿಯೊಗಳಿಗೆ ಇದು ಅನ್ವಯಿಸುವುದು ಕಡಿಮೆ. ಬಾಯಿಂದ ಹೇಳುವ ತಪ್ಪು ಕಾನೂನಿಗೆ ಯಾವ ಸೋಸುವಿಕೆಯೂ ಇಲ್ಲ.

ಚುನಾವಣೆ ಬಂದರೆ ಲೈಸೆನ್ಸುದಾರರಿಗೆ ಇನ್ನೊಂದು ಕೆಲಸ, ಬಂದೂಕನ್ನು ಠಾಣೆಗೆ ಜಮಾ ಮಾಡುವುದು. ಎಲ್ಲರೂ ಕೊಡಬೇಕೆಂದು ಚುನಾವಣಾ ಆಯೋಗ ಹೇಳುವುದಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿದ್ದವರು ಯಾರೆಂದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರದೂ ನೋಡಿ ತೀರ್ಮಾನಿಸಬೇಕು. ನೆಲದ ಮೇಲೆ ಎಲ್ಲರಿಗೂ ಒಂದೇ ಸೂಚನೆ ಹೋಗುವುದೇ ಹೆಚ್ಚು, ಬೆಳೆ ಕೈಗೆ ಬರುವ ಕಾಲದಲ್ಲಿ ರೈತರು ಗೊಣಗುವುದೂ ಅದಕ್ಕೇ. ಅವರ ಗೊಣಗಾಟ ನ್ಯಾಯವಾದದ್ದು ಎಂದೇ ನನ್ನ ಅನಿಸಿಕೆ.

ಗುಂಡು ಹಾರಿದ ಮೇಲೆ

ಆತ್ಮರಕ್ಷಣೆಗೆ ಬಂದೂಕೇ ಬೇಕೆಂದಿಲ್ಲ ಎಂದು ಹೇಳುವ ವಿಡಿಯೊಗಳಿಗೆ ವೀಕ್ಷಕರು ಕಡಿಮೆ. ಹಾಸ್ಟೆಲ್ ಹೆಣ್ಣುಮಕ್ಕಳಿಗೆ ಸರ್ಕಾರ ಕಲಿಸುವ ಓಬವ್ವ ಆತ್ಮರಕ್ಷಣಾ ಕಲೆ, ಶಾಲೆಗಳಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಕರಾಟೆ ತರಬೇತಿ, ತೋಟದ ಮನೆಗೆ ಎರಡು ಫ್ಲಡ್‌ಲೈಟು, ಗಟ್ಟಿ ಚಿಲಕ, 112ಕ್ಕೆ ಒಂದು ಕರೆ. ಇವುಗಳಲ್ಲಿ ಥಂಬ್‌ನೇಲ್ ಆಗುವ ರೋಚಕತೆ ಏನಿದೆ?

ವಿಡಿಯೊ ಮುಗಿಯುವುದು ಗುಂಡಿನ ಸದ್ದಿಗೆ. ನಮ್ಮಲ್ಲಿ ಪ್ರಕರಣ ಶುರುವಾಗುವುದು ಅಲ್ಲಿಂದ. ಎಫ್ಐಆರ್ ಆಗುತ್ತದೆ, ಸ್ಥಳ ಮಹಜರು ಆಗುತ್ತದೆ. ಬಂದೂಕು, ಖಾಲಿ ತೋಟಾ, ರಕ್ತ ಮೆತ್ತಿದ ಬಟ್ಟೆ ಎಲ್ಲ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಎಷ್ಟು ದೂರದಿಂದ ಹಾರಿತು, ಗಾಯ ಎದೆಯ ಮೇಲಿದೆಯೋ ಬೆನ್ನಿನ ಮೇಲೋ, ಬಿದ್ದವನ ಕೈಯಲ್ಲಿ ಆಯುಧವಿತ್ತೇ, ಮೊದಲ ಕರೆ ಹೋದದ್ದು ಎಷ್ಟು ಹೊತ್ತಿಗೆ, ಅದು ಹೋದದ್ದು ಪೊಲೀಸರಿಗೋ ನೆಂಟರಿಗೋ ಎಂದು ಕೇಳುತ್ತಾರೆ. ರಕ್ಷಣೆಗಾಗಿ ಹೊಡೆದೆ ಎಂದು ತೋರಿಸುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ ಪ್ರಕಾರ ಹೊಡೆದವನದೇ. ಪೊಲೀಸರ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಅವನು ರುಜುವಾತು ಮಾಡಬೇಕಿಲ್ಲ, ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಸಾಕು. ಆ ಅನ್ನಿಸುವಿಕೆಗೆ ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ಲೈಸೆನ್ಸ್ ಅಮಾನತಿನಲ್ಲಿಡುವ ಅಧಿಕಾರ ಜಿಲ್ಲಾಧಿಕಾರಿಗಿದೆ, ಬಂದೂಕು ನಂಬರು ಬರೆದ ಚೀಟಿ ಕಟ್ಟಿಸಿಕೊಂಡು ಮುದ್ದೆಮಾಲು ಕೋಣೆಯಲ್ಲಿರುತ್ತದೆ.